ನೂಲಿನ ಕಟ್ಟಿನ ಚಿತ್ರಗಳು

ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆಯ ಎದುರಿಗೆ ಒಬ್ಬ ಸಾಹೇಬರ ನೂಲಿನ ಅಂಗಡಿಯಿತ್ತು. ನಾವು ಮಕ್ಕಳೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಗಿರಣಿಯಿಂದ ಬರುವ ನೂಲಿನ ಕಟ್ಟುಗಳ ಮೇಲೆ ಅಂಗೈಯಗಲದ ಬಣ್ಣದ ಚಿತ್ರ ಅಂಟಿಸಿರುತ್ತಿದ್ದರು. ಆನೆ, ನವಿಲು, ಹೊಗೆ ಬಿಡುವ ರೈಲು. ಚಾಚಾ ಅವನ್ನೆಲ್ಲ ನೀರಿನಲ್ಲಿ ನೆನೆಸಿ ಬಿಡಿಸಿ, ನೆರಳಲ್ಲಿ ಒಣಗಿಸಿ, ಚಿಕ್ಕಂದಿನಿಂದ ಒಂದು ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದರು. ಈ ಹುಚ್ಚು ನಮಗೂ ಹಿಡಿಯಲಿ ಎಂದು ಅವರಿಗೆ ಬಹಳ ಆಸೆ.

ಮೊದಮೊದಲು ನಮ್ಮನ್ನು ಜಗಲಿಯಲ್ಲಿ ಕೂರಿಸಿ, ಕಡಲೆ ಬೆಲ್ಲ ಕೊಟ್ಟು, ಚಿತ್ರಗಳನ್ನು ದೂರದಿಂದಲೇ ತೋರಿಸುತ್ತಿದ್ದರು. ಕಡಲೆ ಮುಗಿದೊಡನೆ ನಾವು ಪರಾರಿ. ಒಂದು ದಿನ ನಾನು ಕೇಳಿಯೇಬಿಟ್ಟೆ.

"ಮುಟ್ಟಕ್ಕೇ ಬಿಡಲ್ಲ ಅಂದ್ರೆ ಏನ್ ನೋಡೋದು ಚಾಚಾ?"

ಮರುದಿನ ಅವರು ನನ್ನ ಮುಂದೆ ಒಂದು ಬೋಗುಣಿ ನೀರಿಟ್ಟು, ನವಿಲಿನ ಚಿತ್ರವಿದ್ದ ಕಾಗದ ಕೈಗೆ ಕೊಟ್ಟರು.

"ತಗೋ ಬೇಟಿ, ನೀನೇ ಬಿಡ್ಸು."

"ಹರಿದ್ಹೋದ್ರೆ?"

"ಹೋಗ್ಲಿ ಬಿಡಮ್ಮಾ. ನಾನೇನು ಕಮ್ಮಿ ಹರಿದಾಕಿದೀನಾ?"

ಹರಿದೇ ಹೋಯಿತು. ಗರಿಯ ತುದಿ ಬೆರಳಿಗಂಟಿಕೊಂಡಾಗ ನನಗೆ ಅಳು ಬಂತು. ಚಾಚಾ ಗಂಜಿ ಹಚ್ಚಿ ಅದನ್ನು ಕೂಡಿಸಿ, ನನಗೇ ಕೊಟ್ಟುಬಿಟ್ಟರು. ಆ ರಾತ್ರಿ ನವಿಲು ನನ್ನ ದಿಂಬಿನ ಕೆಳಗೇ ಮಲಗಿತು.

ಆಮೇಲೆ ಬೀದಿಯ ಮಕ್ಕಳೆಲ್ಲ ಬೋಗುಣಿಯ ಸುತ್ತ ಸೇರತೊಡಗಿದರು. ಒಂದೇ ಥರದವು ಎರಡಾದರೆ ಅದಲು ಬದಲು. "ಲೇ, ಎರಡು ಆನೆ ಕೊಡ್ತೀನಿ, ಆ ರೈಲು ಕೊಡೇ" ಎಂದು ಗೆಳತಿ ನನ್ನ ಬೆನ್ನು ಹತ್ತುತ್ತಿದ್ದಳು. ನಮ್ಮ ಜಗಳ ಕೇಳುತ್ತ ಚಾಚಾ ತಕ್ಕಡಿಯ ಹಿಂದೆ ನಗುತ್ತ ಕೂತಿರುತ್ತಿದ್ದರು.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಜೋರಾಯಿತು. ನೂಲು ಸಿಗದೆ ನಮ್ಮ ಕೇರಿಯ ಮಗ್ಗಗಳು ಒಂದೊಂದಾಗಿ ನಿಂತವು. ಅಪರೂಪಕ್ಕೆ ಬಂದ ಕಟ್ಟುಗಳ ಮೇಲೂ ಬರೀ ಕಂದು ಕಾಗದ; ನಮಗೆ ಬಿಡಿಸಲು ಚಿತ್ರವೇ ಇಲ್ಲ. ಒಂದು ಸಂಜೆ ಚಾಚಾ ತಮ್ಮ ಪೆಟ್ಟಿಗೆಯನ್ನೇ ತಂದು ಚಿತ್ರಗಳನ್ನೆಲ್ಲ ನಮಗೆ ಹಂಚತೊಡಗಿದರು.

"ಎಲ್ಲಾ ಕೊಟ್ಬಿಟ್ರೆ ನಿಮಗೇನ್ರೀ ಉಳೀತು?" ಒಳಗಿನಿಂದ ಅವರ ಹೆಂಡತಿ ತಮ್ಮ ದಖನಿ ಮಾತಿನಲ್ಲಿ ಕೇಳಿದ್ದನ್ನು ಚಾಚಾ ನಗುತ್ತ ನಮಗೆ ಕನ್ನಡದಲ್ಲಿ ಹೇಳಿದರು. "ನೋಡ್ಬೇಕು ಅನ್ಸಿದ್ರೆ ಇವರ ಮನೇಗೇ ಹೋಗ್ತೀನಿ ಅಂತ ಅವಳಿಗೆ ಅಂದೆ" ಎಂದರು.

ಹಾಗೆಯೇ ಬರುತ್ತಿದ್ದರು ಕೂಡ. ಅವ್ವ ಕೊಟ್ಟ ಕಾಫಿ ಆರುವವರೆಗೂ ನನ್ನ ಚಿತ್ರಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತ ಕೂರುತ್ತಿದ್ದರು.