ಬಿಸಿಲಲ್ಲಿ ಬೆಂದ ಬಂಗಡೆ

ಅಥವಾ ಆ ಮೀನಿನಲ್ಲಿ ಅಷ್ಟೊಂದು ಹುಳ ಇರಲೇ ಇಲ್ಲವೋ ಏನೋ. ನಾನು ಚಿಕ್ಕವನಿದ್ದಾಗ ಕಂಡದ್ದನ್ನು ಹೇಳಲು ಹೊರಟರೆ ನನಗೆ ನನ್ನ ಮೇಲೇ ಅನುಮಾನ. ಪ್ರತಿ ಸಲ ಹೇಳುವಾಗಲೂ ಹುಳ ಹೆಚ್ಚುತ್ತವೆ, ಮೀನಿನ ರಾಶಿ ದೊಡ್ಡದಾಗುತ್ತದೆ. ವಾಸನೆ ಮಾತ್ರ ನಾನು ಕಟ್ಟಿದ್ದಲ್ಲ. ಈಗಲೂ ಬಿಸಿಲಿಗೆ ನಿಂತ ಬಸ್ಸಿನಲ್ಲಿ ಯಾರಾದರೂ ಮೀನಿನ ಚೀಲ ಇಟ್ಟರೆ ನಾನು ಇಳಿದುಬಿಡುತ್ತೇನೆ.

ನಮ್ಮ ಮನೆ ಇದ್ದದ್ದು ಹೊನ್ನಾವರದ ಹತ್ತಿರ, ಕಾಸರಕೋಡಿನ ದಂಡೆಯಲ್ಲಿ. ಅಪ್ಪ ಮೀನು ಹಿಡಿಯಲು ದೋಣಿಗೆ ಹೋಗುತ್ತಿದ್ದ. ಮಳೆ ಹಿಡಿದರೆ ದೋಣಿಗಳೆಲ್ಲ ದಡಕ್ಕೆ. ಮತ್ತೆ ಗಂಜಿಗೆ ಒಣಮೀನೇ ಗತಿ. ಅದಕ್ಕೇ ಬೇಸಿಗೆ ಮುಗಿಯುವ ಮೊದಲು ಬಂಗಡೆಯ ಹೊಟ್ಟೆ ಸೀಳಿ, ಕರುಳು ತೆಗೆದು, ಉಪ್ಪು ತುಂಬಿ, ಮರಳಿನಲ್ಲಿ ಹಾಸಿದ ಹಳೇ ಬಲೆಯ ಮೇಲೆ ಒಣಗಿಸುತ್ತಿದ್ದೆವು. ಆ ಉಪ್ಪೂ ಬಿಸಿಲಿನದೇ. ಕುಮಟೆಯ ಆಚೆ ಸಾಣಿಕಟ್ಟೆಯಲ್ಲಿ ಸಮುದ್ರದ ನೀರನ್ನು ಗದ್ದೆಗಳಲ್ಲಿ ನಿಲ್ಲಿಸುತ್ತಾರೆ, ಸೂರ್ಯ ನೀರು ಕುಡಿದು ಉಪ್ಪು ಬಿಟ್ಟುಹೋಗುತ್ತಾನೆ. ಅಜ್ಜನ ಅಜ್ಜನ ಕಾಲದಿಂದಲೂ ಹೀಗೇ. ಸೌರಶಕ್ತಿ ಎಂಬ ಮಾತನ್ನು ನಾವು ಕೇಳಿರಲಿಲ್ಲ. ನಮಗೆ ಅದು ಬರೀ ಬಿಸಿಲು. ಬಿಸಿಲೆಂದರೆ ನೊಣ, ಕಾಗೆ, ಕಾಲಿಗೆ ಅಂಟುವ ಮೀನಿನ ನೀರು.

ಆ ದಿನ ಬೆಳಿಗ್ಗೆ ಅಪ್ಪ ಹೊರಡುವಾಗ ಅಕ್ಕನಿಗೆ ಹೇಳಿದ: "ಇದೇ ಕಡೇ ಮೀನು. ಮೋಡ ಕಟ್ಟೂಕೆ ಸುರು ಆತು. ಹಾಳು ಮಾಡ್ಬೇಡಿ."

ಹಿಂದಿನ ದಿನ ಇಟ್ಟ ಮೀನು ಇನ್ನೂ ಅರೆಹಸಿಯಾಗಿತ್ತು. ಅದನ್ನು ಮಗುಚಿ ಹಾಕುವುದು ಅಕ್ಕನ ಕೆಲಸ, ಕಾಗೆ ಓಡಿಸುವುದು ನನ್ನದು. "ನಿದ್ದೆ ಮಾಡಿದ್ರೆ ನಿನ್ನೂ ಸೀಳಿ ಉಪ್ಪು ಹಾಕ್ತೆ, ನೋಡು" ಎಂದು ಹೇಳಿ ಅವಳು ಒಳಗೆ ಅಡುಗೆಗೆ ಹೋದಳು.

ಮನೆಯಲ್ಲಿ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ಇತ್ತು, ಗಾಜಿನಂತೆ ಆಚೆಯದು ಕಾಣುವಂಥದ್ದು. ಮಾಡು ಸೋರಿದರೆ ಬೇಕಾಗುತ್ತದೆ ಎಂದು ಅಪ್ಪ ಭಟ್ಕಳದ ಪೇಟೆಯಿಂದ ತಂದಿದ್ದ. ಮಧ್ಯಾಹ್ನದ ಹೊತ್ತಿಗೆ ಆ ಹಾಳೆ ಮೀನಿನ ಮೇಲಿತ್ತು. ಅದರ ನಾಲ್ಕೂ ಅಂಚಿಗೆ ಮರಳು ಒತ್ತಿದ ನೆನಪು ನನ್ನ ಅಂಗೈಯಲ್ಲಿದೆ. ಕಾಗೆಯ ಕಾಟ ತಪ್ಪಿತು, ಬಿಸಿಲಂತೂ ಒಳಗೆ ಬೀಳುತ್ತದೆ, ನಾನೆಂಥ ಜಾಣ ಎಂದುಕೊಂಡು ಹೊಳೆಗೆ ಈಜಲು ಓಡಿದೆ.

ಸಂಜೆ ಅಕ್ಕ ಹಾಳೆ ಎತ್ತಿದಳು. ಒಳಗಿನ ಹಬೆ ಮುಖಕ್ಕೆ ಹೊಡೆಯಿತು. ಹಾಳೆಯ ಅಡಿಯಿಂದ ಬೆವರಿನಂಥ ನೀರು ತೊಟ್ಟಿಕ್ಕುತ್ತಿತ್ತು. ನಡುವಿನ ಮೀನುಗಳು ಬೆಂದುಹೋಗಿದ್ದವು. ಕಣ್ಣು ಬೆಳ್ಳಗೆ ಉಬ್ಬಿ, ಮಾಂಸ ಮುಳ್ಳಿನಿಂದ ಜಾರಿ, ಸುತ್ತಲೂ ಹಳದಿ ಜಿಡ್ಡು. ಅಂಚಿನಲ್ಲಿ ಅಷ್ಟು ಕಾವು ಇರಲಿಲ್ಲ. ಹಿಂದಿನ ದಿನ ನೊಣಗಳು ಇಟ್ಟ ಮೊಟ್ಟೆಗಳು ಅಲ್ಲಿ ಒಡೆದಿದ್ದವು. ಚೆಲ್ಲಿದ ಅನ್ನ ಎದ್ದು ನಡೆದಂತೆ ಹುಳ. ಒಂದು ನನ್ನ ಕಾಲ್ಬೆರಳಿನ ಮೇಲೆ ಹತ್ತಿತು.

ಪಕ್ಕದ ಮನೆಯ ಹೆಂಗಸು ಮೂಗು ಮುಚ್ಚಿಕೊಂಡೇ ನಕ್ಕಳು: "ಎಂತದೇ ಹುಡುಗಿ, ಬಿಸಿಲಲ್ಲೇ ಸಾರು ಮಾಡಿದ್ಯಾ? ಅಕ್ಕಿನೂ ಇಟ್ಟಿದ್ರೆ ಊಟ ಆತಿತ್ತು!"

ಅಪ್ಪ ಬಂದ. ನೋಡಿದ. "ಮಳೆಗಾಲಕ್ಕೆ ಎಂತ ತಿಂಬುದು? ಯಾರು ಹೊದಿಸಿದ್ದು?"

"ನಾನು" ಎಂದಳು ಅಕ್ಕ.

ಏಟು ಅವಳಿಗೆ ಬಿತ್ತು. ನಾನು ದೋಣಿಯ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಅಕ್ಕ ಮರಳಿನಲ್ಲಿ ಗುಂಡಿ ತೋಡಿ, ಆ ಲೋಳೆಯನ್ನು ಎರಡೂ ಕೈಯಲ್ಲಿ ಬಾಚಿ ತುಂಬಿದಳು. ನಡುವೆ ಅದೇ ಗುಂಡಿಗೆ ವಾಂತಿ ಮಾಡಿಕೊಂಡು, ಬಾಯಿ ಒರೆಸಿಕೊಂಡು, ಮತ್ತೆ ಬಾಚಿದಳು. ಆ ಮಳೆಗಾಲವೆಲ್ಲ ನಮಗೆ ಗಂಜಿಯ ಜೊತೆ ಉಪ್ಪು, ಸುಟ್ಟ ಮೆಣಸು.

ಏನಾಗಿತ್ತೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಬೆಳಕು ಹಾಳೆಯನ್ನು ದಾಟಿ ಬಂದು, ಮೀನಿಗೆ ಮರಳಿಗೆ ತಾಗಿ ಕಾವಾಗುತ್ತದೆ. ಆ ಕಾವು ಬಂದಷ್ಟು ಸುಲಭವಾಗಿ ಹೊರಗೆ ಹೋಗಲಾರದು. ಮೀನಿನಿಂದ ಎದ್ದ ಹಬೆಗೂ ದಾರಿ ಇರಲಿಲ್ಲ. ಒಣಗಲು ಕಾವು ಸಾಲದು, ಗಾಳಿ ಆಡಬೇಕು. ಇವತ್ತು ಕರಾವಳಿಯಲ್ಲಿ ಅಂಥದೇ ಹಾಳೆಯ ಗೂಡಿನೊಳಗೆ ಮೀನು ಒಣಗಿಸುವವರಿದ್ದಾರೆ. ಆ ಗೂಡಿಗೆ ಕೆಳಗೊಂದು, ಮೇಲೊಂದು ಕಿಂಡಿ ಇರುತ್ತದೆ, ಅಷ್ಟೇ ವ್ಯತ್ಯಾಸ. ನಮ್ಮ ಮಳೆಗಾಲದ ಮೀನು ಕೊಳೆತದ್ದು ಎರಡು ಕಿಂಡಿ ಇಲ್ಲದೆ.

ಕುಮಟೆಯಲ್ಲಿ ನನ್ನ ಮೊಮ್ಮಕ್ಕಳ ಮನೆಯ ತಾರಸಿಯ ಮೇಲೆ ಬಿಸಿಲು ಸದ್ದಿಲ್ಲದೆ ಸ್ನಾನದ ನೀರು ಕಾಯಿಸುತ್ತದೆ, ನೀಲಿ ಹಲಗೆಗಳ ಮೇಲೆ ಬಿದ್ದು ಕರೆಂಟಾಗುತ್ತದೆ, ಫ್ಯಾನು ತಿರುಗಿಸುತ್ತದೆ. ಅವರ ಪುಸ್ತಕದಲ್ಲಿ ಅದರ ಹೆಸರು ಸ್ವಚ್ಛ ಶಕ್ತಿ. ಅವರ ಬಿಸಿಲಿಗೆ ವಾಸನೆಯೇ ಇಲ್ಲ. ಒಳ್ಳೆಯದೇ ಆಯಿತು. ನನಗೆ ಹೇಸಿಗೆ ಬಿಸಿಲಿನ ಮೇಲಲ್ಲ, ಹುಳದ ಮೇಲೂ ಅಲ್ಲ, ದೋಣಿಯ ಮರೆಯಲ್ಲಿ ನಿಂತ ಆ ಹುಡುಗನ ಮೇಲೆ.

ಇದನ್ನು ಮೊಮ್ಮಕ್ಕಳಿಗಾಗಿ ಬರೆಯುವ ಮೊದಲು ಅಕ್ಕನಿಗೆ ಫೋನು ಮಾಡಿ ಒಪ್ಪಿಕೊಂಡೆ, ಹೊದಿಸಿದ್ದು ನಾನು ಎಂದು. ಅವಳು ನಕ್ಕಳು. "ನೀ ಎಲ್ಲಿದ್ದೆ ಮಾರಾಯಾ? ನಾನೇ ಹೊದಿಸಿದ್ದು. ನೀ ಆಗ್ಲೇ ಹೊಳೆಗೆ ಓಡಿದ್ದೆ. ಆ ಹೊಲಸು ಕತೆ ಈಗ ಮಕ್ಕಳಿಗೆ ಎಂತಕ್ಕೆ?"

ಅಕ್ಕ ಹೇಳಿದ್ದು ನಿಜವೋ, ಅಥವಾ ಇಷ್ಟು ವರ್ಷಗಳ ಮೇಲೂ ಅವಳು ನನ್ನ ಏಟನ್ನು ತಾನೇ ತಿನ್ನುತ್ತಿದ್ದಾಳೋ, ನನಗೆ ಗೊತ್ತಿಲ್ಲ.