ದೇವರ ದಯೆಯಿಂದ ಕಲಿತ ಗಿಟಾರು

ದೇವರ ಹೆಸರಿನಲ್ಲಿ ಸುಳ್ಳು ಹೇಳುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಬೇರೆ ಸುಳ್ಳಿಗಾದರೆ ಸಾಕ್ಷಿ ಹುಡುಕಬೇಕು. ಇದಕ್ಕೆ ಸಾಕ್ಷಿ ಅವನೇ, ಅವನು ಬಾಯಿ ಬಿಡುವವನಲ್ಲ. ದಿನಾ ತುಳಸಿಗೆ ನೀರೆರೆದು, ಏಕಾದಶಿಯ ದಿನ ಗುಟುಕು ನೀರನ್ನೂ ಯೋಚಿಸಿ ಕುಡಿಯುವ ನನ್ನಂಥವಳ ಬಾಯಲ್ಲಿ "ಎಲ್ಲಾ ದೇವರ ದಯೆ" ಎಂಬ ಮಾತು ಬಂದರೆ ಯಾರು ತಾನೆ ಅನುಮಾನಪಟ್ಟಾರು? ಆ ಮಾತನ್ನು ನಾನು ಒಮ್ಮೆ ಕದ್ದ ಮಾಲು ಮುಚ್ಚುವ ಸೆರಗಿನ ಹಾಗೆ ಬಳಸಿದೆ. ಕದ್ದದ್ದೇನು ಎಂದರೆ ನೀವು ನಗುತ್ತೀರಿ. ಗಿಟಾರಿನ ಪಾಠ.

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಯುದ್ಧ ಮುಗಿದು ದಂಡಿನ ಬಿಳಿಯರು ಒಬ್ಬೊಬ್ಬರಾಗಿ ಊರು ಬಿಡುತ್ತಿದ್ದರು. ಬಿಡುವ ಮುಂಚೆ ಮನೆಯ ಸಾಮಾನು ಹರಾಜು ಹಾಕುತ್ತಿದ್ದರು. ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮವರು, ಮಾವನವರಿಗೆ ಒರಗುಕುರ್ಚಿ ತರುತ್ತೇನೆಂದು ಹೋದವರು ಒಂದು ಗ್ರಾಮಾಫೋನು, ಒಂದೇ ಒಂದು ಪ್ಲೇಟು ಮತ್ತು ಒಂದು ಗಿಟಾರು ಹೊತ್ತು ಬಂದರು. ಕುರ್ಚಿ ಬೇರೆಯವರ ಪಾಲಾಯಿತಂತೆ.

"ಅದೇನೋ ಅದು?" ಎಂದರು ಅತ್ತೆ.

"ಗಿಟಾರು ಅಮ್ಮಾ."

"ಕಠಾರಿ? ಮನ್ಯಾಗ ಕೂಸುಗಳು ಅಂಬೆಗಾಲಿಡ್ತಾವ, ಕಠಾರಿ ಯಾಕ ತಂದ್ಯೋ!"

ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಕಠಾರಿ.

ಅದು ನೀವು ಈಗ ಚಿತ್ರಗಳಲ್ಲಿ ನೋಡುವ, ಎದೆಗೆ ಆನಿಸಿ ನಿಂತು ಬಾರಿಸುವ ಗಿಟಾರಲ್ಲ. ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ನುಡಿಸುವಂಥದು. ಬಲಗೈ ಬೆರಳಿಗೆ ಲೋಹದ ಉಗುರು ತೊಟ್ಟು ಮೀಟಬೇಕು, ಎಡಗೈಯಲ್ಲಿ ಹೆಬ್ಬೆರಳು ಗಾತ್ರದ ಉಕ್ಕಿನ ತುಂಡೊಂದನ್ನು ಹಿಡಿದು ತಂತಿಗಳ ಮೇಲೆ ಜಾರಿಸಬೇಕು. ತಂತಿಯ ಕೆಳಗೆ ಸ್ವರಕ್ಕೊಂದು ಗೆರೆ, ಒಂದು ಗೆರೆ ಹಿಂದೆ ನಿಂತರೂ ಸ್ವರ ತಪ್ಪು. ಮಾವನವರು ಕನ್ನಡಕ ಏರಿಸಿ ಹಿಂದೆ ಮುಂದೆ ನೋಡಿ ತೀರ್ಪು ಕೊಟ್ಟರು: "ಇದು ನಮ್ಮ ಗೋಟುವಾದ್ಯದ ದಾಯಾದಿ. ಅದರಾಗ ಕಟ್ಟಿಗಿ ತುಂಡು, ಇದರಾಗ ಉಕ್ಕು. ಸಮುದ್ರ ದಾಟಿ ಜಾತಿ ಕೆಟ್ಟದ, ಅಷ್ಟ." ಜಾತಿ ಕೆಟ್ಟ ದಾಯಾದಿಗೆ ಜಗಲಿಯ ಪಕ್ಕದ ಕೋಣೆಯಲ್ಲಿ ಜಾಗ ಸಿಕ್ಕಿತು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ನನಗೂ ಅಲ್ಲಿ ಜಾಗ ಸಿಗುತ್ತಿತ್ತು. ಅದೊಂದು ಸಣ್ಣ ದಯೆ.

ಆ ಪ್ಲೇಟಿನಲ್ಲಿ ಹಾಡಿಲ್ಲ, ಬರೀ ವಾದ್ಯ. ಹೆಸರು ಸವೆದುಹೋಗಿತ್ತು. ಮೇಲಿನ ಚೀಲದ ಮೇಲೆ ಸಮುದ್ರ, ತೆಂಗಿನ ಮರ. ತುಂಗಭದ್ರೆಗಿಂತ ದೊಡ್ಡ ನೀರು ಕಾಣದ ಸಿರುಗುಪ್ಪದವಳು ನಾನು. ಅದನ್ನು ಕೇಳಿದರೆ ನೀರೇ ನಿಟ್ಟುಸಿರು ಬಿಟ್ಟ ಹಾಗಾಗುತ್ತಿತ್ತು. ಮೂರು ತಿಂಗಳು ಕೂತು, ಕೇಳಿ ಕೇಳಿ, ಆ ಗತ್ತನ್ನು, ಅಂದರೆ ವಾದ್ಯದ ಆ ಧಾಟಿಯನ್ನು, ಕೊನೆತನಕ ಹಿಡಿದೆ. ಅದರಲ್ಲೂ ಕೊನೆ. ಕೊನೆಯಲ್ಲಿ ಸ್ವರ ಮೆಲ್ಲಗೆ, ಮೆಲ್ಲಗೆ, ಪಾತಾಳಕ್ಕೆ ಇಳಿದುಹೋಗುತ್ತಿತ್ತು. ಇಳಿಸಿ ಇಳಿಸಿ ನನ್ನ ಕಣ್ಣಲ್ಲೇ ನೀರು ಬರುತ್ತಿತ್ತು.

ಒಂದು ಮಧ್ಯಾಹ್ನ ನಾನು ಹಾಗೆ ಪಾತಾಳಕ್ಕಿಳಿಯುತ್ತಿರುವಾಗ ಕಿಟಕಿಯ ಹೊರಗೆ ಯಾರೋ ನಕ್ಕರು. ನೋಡಿದರೆ ಮರಿಯಮ್ಮನವರು. ದಂಡಿನ ಪಕ್ಕದ ಕೌಲ್ ಬಜಾರಿನ ಕ್ರೈಸ್ತರು, ರವಿಕೆ ಹೊಲಿಯುವವರು, ಅಳತೆಗೆ ಬಂದು ಕಟ್ಟೆಯ ಮೇಲೆ ಕೂತಿದ್ದರು.

"ಯಾಕ ನಗತೀಯ?" ಎಂದೆ, ಉರಿದು.

"ತಪ್ಪ ತಿಳಿಬ್ಯಾಡ್ರಿ ಅಮ್ಮಾರ. ಆ ಕಡೀದು ರಾಗ ಅಲ್ರೀ. ಗ್ರಾಮಾಫೋನಿನ ಕೀಲಿ ಮುಗದದ್ದು!"

ಕೀಲಿ ಸಡಿಲಾಗಿ ಪ್ಲೇಟು ನಿಧಾನವಾದಾಗ ಸ್ವರ ಕುಸಿಯುತ್ತದೆ. ನಾನು ಅದನ್ನೂ ಭಕ್ತಿಯಿಂದ ಅಭ್ಯಾಸ ಮಾಡಿದ್ದೆ! ಬೇರೆ ವಾದ್ಯವಾಗಿದ್ದರೆ ಬಯಲಾಗುತ್ತಿತ್ತು. ಎಲ್ಲಾ ಜಾರುವ ವಾದ್ಯದಲ್ಲಿ ಇದೂ ಒಂದು ಜಾರು ಎಂದುಕೊಂಡಿದ್ದೆ. ಮರಿಯಮ್ಮನವರ ಗಂಡ ದಂಡಿನ ಬ್ಯಾಂಡಿನಲ್ಲಿದ್ದವರಂತೆ, ತೀರಿಕೊಂಡು ಐದಾರು ವರ್ಷ. ಕ್ಲಬ್ಬಿನಲ್ಲಿ ಕುಣಿತ ಮುಗಿಯುವಾಗ ಇದೇ ಗತ್ತು ನುಡಿಸುತ್ತಿದ್ದರಂತೆ. ಮನೆಯಲ್ಲಿ ಹೆಂಡತಿಗೂ ಕಲಿಸಿದ್ದರು. ಹೀಗೆ ನನಗೆ ಗುರು ಸಿಕ್ಕಳು, ಅಥವಾ ಸಿಕ್ಕರು. ಈ ವ್ಯಾಕರಣ ಆಗ ನನಗೆ ತೊಡಕಾಗಿರಲಿಲ್ಲ.

ತೊಡಕಾದದ್ದು ಮಡಿ. ಮೈಲಿಗೆಯ ಶಾಸ್ತ್ರ ಸಣ್ಣದಲ್ಲ. ಮಣ್ಣಿನ ಮಡಕೆಗೆ ಮೈಲಿಗೆ ತಟ್ಟಿದರೆ ಒಡೆಯುವುದೇ ಸರಿ. ತಾಮ್ರಕ್ಕೆ ಹುಣಿಸೆಹಣ್ಣು ಸಾಕು. ರೇಷ್ಮೆಗೆ ಗಾಳಿ ಸಾಕು. ಗಿಟಾರಿಗೆ? ಅತ್ತೆ ಕೇಳಿದರು, ಮಾವ ಯೋಚಿಸಿದರು. ತಂತಿ ಲೋಹ, ಉಕ್ಕು ಲೋಹ, ಒರೆಸಿದರೆ ಶುದ್ಧ. ಮರದ ಪೆಟ್ಟಿಗೆಗೆ ವಾರ್ನಿಷ್ ಬಳಿದಿರುವುದರಿಂದ ಮರ ಹೊರಗೆ ಕಾಣುವುದಿಲ್ಲ, ಕಾಣದ್ದಕ್ಕೆ ಮೈಲಿಗೆ ಇಲ್ಲ. ಸ್ವರದ ಬಗ್ಗೆ ಯಾರೂ ಕೇಳಲಿಲ್ಲ, ಪುಣ್ಯ. ಹೊಸ್ತಿಲ ಹೊರಗೆ ಅವರು, ಒಳಗೆ ನಾನು. ಉಕ್ಕನ್ನು ಅವರು ನೆಲಕ್ಕಿಟ್ಟರೆ ನಾನು ತೆಗೆದುಕೊಳ್ಳಬೇಕು, ಕೈಯಿಂದ ಕೈಗೆ ಇಲ್ಲ. ಅವರು ಹೋದ ಮೇಲೆ ಒದ್ದೆ ಬಟ್ಟೆಯಲ್ಲಿ ತಂತಿ ಒರೆಸುತ್ತಿದ್ದೆ. ಒಮ್ಮೊಮ್ಮೆ ಅವರು ಓಣಿಯ ತಿರುವು ದಾಟುವ ಮೊದಲೇ ಒರೆಸುತ್ತಿದ್ದೆ. ಒಮ್ಮೆ ಅವರು ಕತ್ತರಿ ಮರೆತು ತಿರುಗಿ ಬಂದವರು ನೋಡಿಬಿಟ್ಟರು. ಕತ್ತರಿ ಎತ್ತಿಕೊಂಡು ಹೋದರು. ನಾನು ತಂತಿಯನ್ನು ಇನ್ನಷ್ಟು ಜೋರಾಗಿ ಉಜ್ಜಿದೆ, ತುಕ್ಕು ತೆಗೆಯುತ್ತಿರುವವಳ ಹಾಗೆ.

ಈ ವಾದ್ಯ ಕಲಿಸುವವರು ಶಿಷ್ಯರ ಎಡಗೈಯನ್ನು ತಮ್ಮ ಕೈಯಲ್ಲಿ ಹಿಡಿದೇ ಕಲಿಸಬೇಕಂತೆ. ಉಕ್ಕಿನ ಭಾರ ಎಷ್ಟು ಬಿಡಬೇಕು, ಎಷ್ಟು ಎತ್ತಬೇಕು ಎಂಬುದು ಮಾತಿಗೆ ಸಿಗುವುದಲ್ಲ. ಮುಟ್ಟುವ ಹಾಗಿಲ್ಲದ್ದರಿಂದ ಮರಿಯಮ್ಮನವರು ಎಲ್ಲವನ್ನೂ ಮಾತಿನಲ್ಲೇ ಮಾಡಬೇಕಾಯಿತು.

"ಒತ್ತಬ್ಯಾಡ್ರಿ! ಪತ್ಲಕ್ಕ ಇಸ್ತ್ರಿ ಹಾಕ್ದಂಗ. ಒತ್ತಿದ್ರ ಅಂಟತೈತಿ, ನಿಂತ್ರ ಸುಡತೈತಿ. ಜಾರಸ್ರಿ. ಇಸ್ತ್ರಿ ಜಾರಸ್ರಿ."

"ಜಾರಸ್ತಿದೀನಲ್ಲಾ!"

"ಅದು ಜಾರಿಸೋದಲ್ರೀ ತಾಯೀ, ಅದು ಒನಕಿ ಕುಟ್ಟೋದು. ಹಿಂದಿನ ಬೆರಳು ತಂತಿ ಮ್ಯಾಲೆ ಮಲಗಿಸ್ರಿ. ಬಟ್ಟಿ ಸುಕ್ಕಾಗದಂಗ ಹಿಂದ ಕೈ ಇಡತೀವಿ ನೋಡ್ರಿ, ಹಂಗ."

ಒಂದು ವರ್ಷ ಹೀಗೆ ಹೊಸ್ತಿಲಾಚೆಯಿಂದ ಸೂಜಿ, ದಾರ, ಇಸ್ತ್ರಿ, ಕಾಜಿನ ಭಾಷೆಯಲ್ಲಿ ನನ್ನ ಕೈ ತಿದ್ದಿದರು. ಗತ್ತು ಗತ್ತಾಯಿತು.

ಆಗ ಬಂತು ಕುರುಗೋಡಿನ ಕುಬುಸ, ಬಸುರಿಗೆ ಹೊಸ ರವಿಕೆ ತೊಡಿಸಿ ಉಡಿ ತುಂಬುವ ಶಾಸ್ತ್ರ. ನನ್ನ ತಂಗಿ ಸುಶೀಲೆಯನ್ನು ಅಲ್ಲಿಗೆ ಕೊಟ್ಟಿತ್ತು, ಚೊಚ್ಚಲ ಬಸಿರು. ಹಸಿರು ಕುಬುಸ ಹೊಲಿಯಲು ಮರಿಯಮ್ಮನವರನ್ನೇ ಕೈಮಷಿನ್ನಿನ ಸಮೇತ ನಾನು ಕರೆದುಕೊಂಡು ಹೋದೆ. ಬಸುರಿಯ ಅಳತೆ ಬಳ್ಳಾರಿಯಲ್ಲಿ ಕೂತು ಊಹಿಸುವುದಲ್ಲವಲ್ಲ. ಬಸ್ಸು ಇನ್ನೂ ಯುದ್ಧಕಾಲದ ಇದ್ದಲು ಗ್ಯಾಸಿನದು. ಏರು ಬಂದಲ್ಲಿ ಅದೂ ಏದುಸಿರು, ನಾವೂ ಏದುಸಿರು. ತೊಡೆಯ ಮೇಲೆ ಧೋತರದಲ್ಲಿ ಸುತ್ತಿದ ಗಿಟಾರನ್ನು ಕಂಡು ಕಂಡಕ್ಟರ್, "ಕೂಸು ಭಾಳ ಉದ್ದ ಐತ್ರೀ, ಇದಕ್ಕ ಅರ್ಧ ಟಿಕೀಟು" ಎಂದ. ಮರಿಯಮ್ಮನವರು ನನಗಿಂತ ಹೆಚ್ಚು ನಕ್ಕರು.

ಆರತಿ, ಉಡಿ ತುಂಬುವುದು ಮುಗಿದ ಮೇಲೆ ಹೆಂಗಸರ ನಡುವೆ ನಾನು ನುಡಿಸಿದೆ. ದೇವರ ದಯೆ, ಇಲ್ಲಿ ನಿಜವಾಗಿಯೂ, ಒಂದು ಸ್ವರವೂ ಕೆಡಲಿಲ್ಲ.  ಮುಗಿದಾಗ ಸುಶೀಲೆಯ ಅತ್ತೆ ಕಣ್ಣೊರೆಸಿಕೊಂಡು, "ಎಂಥಾ ಕೈ ಅವ್ವಾ ನಿಂದು! ಯಾರು ಕಲಿಸಿದ್ರು?" ಎಂದರು.

ಹೊರಗೆ ಜಗಲಿಯಲ್ಲಿ ಹೊಲಿಗೆಯ ಮಷಿನ್ನು ಕಟಕಟ ಎನ್ನುತ್ತಿತ್ತು. ಆ ಪ್ರಶ್ನೆ ಕೇಳಿದ್ದೇ ಅದು ನಿಂತಿತು.

"ಯಾರಿಲ್ರೀ," ಎಂದೆ. "ಪ್ಲೇಟ್ ಕೇಳಿ ಕಲ್ತೆ. ಎಲ್ಲಾ ದೇವರ ದಯಾ."

ತಂಗಿಯ ಅತ್ತೆಮನೆಯಲ್ಲಿ ಮಡಿಯ ಮಾತೇಳಬಹುದು ಎಂಬ ಭಯದಿಂದ ಹಾಗೆಂದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಭಯದಿಂದ ಹೇಳಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ನಿಜವೆಂದರೆ ಆ ಹೊಗಳಿಕೆ ಹೋಳಿಗೆಯಷ್ಟು ಸಿಹಿಯಾಗಿತ್ತು, ಹಂಚಿಕೊಳ್ಳಲು ಮನಸ್ಸು ಬರಲಿಲ್ಲ.

ಸುಶೀಲೆಯ ಅತ್ತೆ ಹೊರಗೆ ಮುಖಮಾಡಿ ಕೂಗಿದರು: "ಏ ಹೊಲಿಯಾಕಿ, ನೀನೂ ಕೇಳಿದ್ಯಾ? ಹೆಂಗಿತ್ತ?"

"ಚೊಲೋ ಇತ್ರೀ," ಎಂದರು ಮರಿಯಮ್ಮನವರು. "ದೇವರ ದಯಾ ಇದ್ರ ಏನ್ ಬೇಕಾದ್ದು ಬರತೈತಿ." ಮತ್ತೆ ಕಟಕಟ ಶುರುವಾಯಿತು.

ಬರುವಾಗ ಅದೇ ಬಸ್ಸು. ನಾನು ಮುಂದೆ, ಅವರು ಹಿಂದೆ. ಕುಬುಸದ ಎಲೆಯಡಿಕೆ, ತೆಂಗಿನಕಾಯಿ, ಜೊತೆಗೆ ನನ್ನ ಪಾಲಿನ ರವಿಕೆ ಕಣವನ್ನೂ ಅವರ ಚೀಲಕ್ಕೆ ತುರುಕಿದ್ದೆ. ಅಪರಾಧಿಗಳ ಕೈ ಯಾವಾಗಲೂ ಧಾರಾಳ. ತೆಗೆದುಕೊಂಡರು. ನಗಲಿಲ್ಲ, ಸಿಟ್ಟೂ ತೋರಿಸಲಿಲ್ಲ. ಆಮೇಲೆ ನಮ್ಮ ಕಟ್ಟೆಗೆ ಬರುವುದನ್ನು ನಿಲ್ಲಿಸಿದರು.

ಹದಿನೈದು ದಿನ ನಾನು ದೇವರ ಮುಂದೆ ಕೂತು ತಪ್ಪೊಪ್ಪಿಕೊಂಡೆ. ಅವನು ಕ್ಷಮಿಸಿದನೆಂದೇ ಕಾಣುತ್ತದೆ, ಅವನಿಗೆ ಅದೊಂದು ಅಭ್ಯಾಸ. ಆದರೆ ಗಿಟಾರು ಕ್ಷಮಿಸಲಿಲ್ಲ. ತೊಡೆಗೇರಿಸಿದರೆ ಮಷಿನ್ನು ನಿಂತ ಸದ್ದೇ ಕೇಳುತ್ತಿತ್ತು. ನಿಂತದ್ದಕ್ಕೆ ಸದ್ದಿದೆಯೇ ಎಂದು ನೀವು ಕೇಳಬಹುದು. ಇದೆ. ಕೊನೆಗೆ ಒಂದು ದಿನ ನಾನೇ ಕೌಲ್ ಬಜಾರಿಗೆ ಹೋದೆ. ಅಷ್ಟು ವರ್ಷ ನನ್ನ ಮೈ ಅಳತೆ ಅವರಿಗೆ ಗೊತ್ತಿತ್ತು, ಅವರ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂದು ನನಗೆ ಗೊತ್ತಿರಲಿಲ್ಲ. ಕೇಳಿ ಕೇಳಿ ಹೋಗಬೇಕಾಯಿತು.

"ತಪ್ಪಾತು ಮರಿಯಮ್ಮ," ಎಂದೆ ಬಾಗಿಲಲ್ಲೇ ನಿಂತು.

ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. ಪೋಣಿಸಿ ಮುಗಿಸಿದರು. "ಇಲ್ಲಿ ಯಾಕ ಹೇಳ್ತೀರಿ ಅಮ್ಮಾರ? ಇಲ್ಲಿ ನನಗ ಗೊತ್ತೈತಿ. ಎಲ್ಲಿ ಅಂದಿದ್ರೋ ಅಲ್ಲಿ ಹೇಳ್ರಿ."

 ಹೇಳಿದವರೇ ಹೊಲಿಗೆಗೆ ಬಗ್ಗಿದರು.

ಸುಶೀಲೆ ಸಿರುಗುಪ್ಪಕ್ಕೆ ಬಂದು ಹೆತ್ತಳು. ಹೆಣ್ಣು, ಮುದ್ದಾಗಿತ್ತು, ತಾಯಿ ಮಗು ಕ್ಷೇಮ. ತೊಟ್ಟಿಲ ದಿನ ಕುರುಗೋಡಿನ ಹೆಂಗಸರೆಲ್ಲ ಬಂದರು. ಅದೇ ಮುಖಗಳು. ಹೇಳಬೇಕಾದ ಮಾತನ್ನು ನಾನು ಹೊಳೆಗೆ ಹೋಗುವಾಗ, ಹೂರಣ ರುಬ್ಬುವಾಗ, ನೂರು ಸಲ ಒಪ್ಪಿಸಿಕೊಂಡಿದ್ದೆ. ಸುಶೀಲೆಗೆ ಮಾತ್ರ ಮೊದಲೇ ಹೇಳಿದೆ. ಅವಳು ಮಗುವನ್ನು ಎದೆಗವುಚಿಕೊಂಡು, "ಅಕ್ಕಾ, ಇವತ್ತೊಂದಿನ ಬ್ಯಾಡ. ನಾ ಆ ಮನ್ಯಾಗ ಬಾಳ್ವಿ ಮಾಡಬೇಕು" ಎಂದಳು. ಆ ಮಾತಿಗೆ ನನ್ನ ಧೈರ್ಯ ಅರ್ಧ ಸೋರಿಹೋಯಿತು.

ನುಡಿಸು ಎಂದರು. ನುಡಿಸಿದೆ. ಮತ್ತೆ ಹೊಗಳಿದರು. ಸುಶೀಲೆ ನನ್ನನ್ನೇ ನೋಡುತ್ತಿದ್ದಳು. ನಾನು ತಲೆ ಬಗ್ಗಿಸಿ, ಗಿಟಾರಿಗೆ ಹೇಳುವವಳ ಹಾಗೆ ಹೇಳಿದೆ: "ಅವತ್ತ ನಾ ಸುಳ್ಳ ಹೇಳಿದೆ. ಇದನ್ನ ಕೌಲ್ ಬಜಾರಿನ ಮರಿಯಮ್ಮ ಕಲಿಸಿದ್ಲು. ಸುಶೀಲನ ಕುಬುಸ ಹೊಲದಾಕಿ."

ಸುಶೀಲೆಯ ಅತ್ತೆಯ ಮುಖ ಬಿಗಿಯಿತು. "ಅಂದ್ರ... ಆಕಿ ಮುಟ್ಟಿದ ಆ ಪೆಟಗಿ ಹಿಡಕೊಂಡು, ಅದ ಕೈಲೆ ಕೂಸಿನ್ನ ಎತ್ತಿದ್ಯಾ?"

ಮೂಲೆಯಲ್ಲಿ ಬಾಳೆಲೆ ಒರೆಸುತ್ತಿದ್ದ ನಮ್ಮ ದೊಡ್ಡಮ್ಮ, ಕುರುಗೋಡಿನ ಕುಬುಸಕ್ಕೂ ಬಂದಿದ್ದವರು, ತಲೆಯೆತ್ತದೆ, "ಆಕಿ ಹೊಲದ ಕುಬುಸ ನಿಮ್ಮ ಸೊಸಿ ಎದೀ ಮ್ಯಾಲೇ ಇತ್ತಲ್ಲ ಬೀಗ್ತೆವ್ವಾ. ಅದನ್ನ ನೀರಾಗ ಹಿಂಡಿ ತೊಟ್ಟಳೇನು? ಮೈಗೆ ಹತ್ತದ ಮೈಲಿಗಿ ಕಿವಿಗೆ ಹತ್ತತದೇನು?" ಎಂದರು. ಮತ್ತೆ ನನ್ನ ಕಡೆ ತಿರುಗಿ: "ನೀನೂ ಭಾಳ ದೊಡ್ಡ ಗುಟ್ಟ ಹೇಳಿದ್ಯವ್ವಾ. ಕುರುಗೋಡಿನ್ಯಾಗ ನುಡಿಸೋವಾಗ ಉದ್ದಕ್ಕೂ 'ಇಸ್ತ್ರಿ ಜಾರಸು, ಇಸ್ತ್ರಿ ಜಾರಸು' ಅಂತ ಗೊಣಗ್ತಿದ್ದಿ. ದೇವರು ಇಸ್ತ್ರಿ ಹಾಕ್ತಾನೇನು?"

ಹೆಂಗಸರೆಲ್ಲ ಸೆರಗು ಬಾಯಿಗೆ ಇಟ್ಟು ನಕ್ಕರು. ಸುಶೀಲೆಯ ಅತ್ತೆ ಬಹಳ ಹೊತ್ತು ತಡೆದು, ಕೊನೆಗೆ ಅವರೂ ನಕ್ಕರು. ಸುಶೀಲೆ ಉಸಿರು ಬಿಟ್ಟಳು. ನಾನೊಬ್ಬಳೇ ನಗಲಿಲ್ಲ. ನನ್ನ ಸುಳ್ಳು ಅಲ್ಲಿ ಆಗಲೇ ಅರ್ಧ ಬಯಲಾಗಿತ್ತು. ಅದರಿಂದ ನಷ್ಟವಾದವರು ಒಬ್ಬರೂ ಇಲ್ಲ, ನೊಂದವರು ಮಾತ್ರ ಒಬ್ಬರು.

ಬಳ್ಳಾರಿಗೆ ಬಂದವಳೇ ಕೌಲ್ ಬಜಾರಿಗೆ ಓಡಿದೆ. ಪರೀಕ್ಷೆ ಪಾಸಾದ ಮಕ್ಕಳ ಮುಖ ಹೊತ್ತುಕೊಂಡು ಹೋದೆನೆಂದು ಕಾಣುತ್ತದೆ.

"ಹೇಳಿದೆ! ಎಲ್ಲಾರ ಮುಂದ ಹೇಳಿದೆ."

"ಏನಂತ?"

"ಮರಿಯಮ್ಮ ಕಲಿಸಿದ್ದು ಅಂತ."

ಅವರು ಮಷಿನ್ನಿನಿಂದ ಕೈ ತೆಗೆದರು. "ಸರಿಯಾಗಿ ಹೇಳ್ರಿ. ಕಲಿಸಿದ್ಲು ಅಂದ್ರೋ, ಕಲಿಸಿದ್ರು ಅಂದ್ರೋ?"

ಸಿರುಗುಪ್ಪದಿಂದ ಬಳ್ಳಾರಿಯತನಕ ಹೊತ್ತು ತಂದ ಪುಣ್ಯವೆಲ್ಲ ಒಂದು ಅಕ್ಷರದಲ್ಲಿ ಕರಗಿತು. ನೂರು ಸಲ ಒಪ್ಪಿಸಿಕೊಂಡ ಮಾತಿನಲ್ಲಿ ನೂರು ಸಲವೂ "ಲು" ಇತ್ತು, ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ. ಮನೆಗೆ ಬರುವ ಪುರೋಹಿತರ ಹತ್ತು ವರ್ಷದ ಮಗನಿಗೂ ನಾನು "ಬಂದರು" ಎನ್ನುವವಳು. "ಕಲಿಸಿದ್ರು ಅಂದೆ" ಎಂದು ಹೇಳಲು ನಾಲಿಗೆ ಆಗಲೇ ತಯಾರಾಗಿತ್ತು. ಅದನ್ನು ಹಿಡಿದು ನಿಲ್ಲಿಸಿದ್ದು ಯಾರೋ. ದಯೆ ಎಂಬ ಮಾತನ್ನು ಇನ್ನು ಮುಂದೆ ಜೋಪಾನವಾಗಿ ಬಳಸಬೇಕೆಂದಿದ್ದೇನೆ, ಆದರೆ ಇಲ್ಲಿ ಬಳಸಬಹುದು.

"ಕಲಿಸಿದ್ಲು ಅಂದೆ," ಎಂದೆ.

 ಮರಿಯಮ್ಮನವರು ಮೂಲೆಯ ಬಟ್ಟೆಯ ಗಂಟು ಸರಿಸಿ ಒಂದು ಮಣೆ ಎಳೆದಿಟ್ಟರು.

"ಕೂಡ್ರಿ," ಎಂದರು. "ಪೂರಾ ತಪ್ಪೇನಿಲ್ಲ. ಒಂದ್ ಗೆರಿ ಹಿಂದ ಅದೀರಿ. ಜಾರಸ್ರಿ."