ಸತು ಹಿಡಿಯದ ಬೊಟ್ಟು

ನಮ್ಮ ಮನೆಯ ಲಾಂಡ್ರಿಯಲ್ಲಿ ನಾನು ಬಟ್ಟೆಗಿಂತ ಹೆಚ್ಚಾಗಿ ಬೋಲ್ಟುಗಳನ್ನು ತೊಳೆದಿದ್ದೇನೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಆಸ್ಟ್ರೇಲಿಯಾದ ಪರ್ತಿನ ಮೋರ್ಲಿಯಲ್ಲಿರುವ ಈ ಮನೆಯ ಗ್ಯಾರೇಜಿನಲ್ಲಿ ನಮ್ಮ ಯಜಮಾನರ ಹಳೆಯ ಕಾರು ಚಕ್ರಗಳಿಲ್ಲದೆ ನಾಲ್ಕು ಸ್ಟ್ಯಾಂಡುಗಳ ಮೇಲೆ ಕೂತು ಏಳು ವರ್ಷವಾಯಿತು. ವಯಸ್ಸಿನಲ್ಲಿ ಅದು ನನಗಿಂತ ಎರಡು ವರ್ಷ ದೊಡ್ಡದು. ನಾವು ಅಡಿಲೇಡಿನಲ್ಲಿದ್ದಾಗ ಯಾರದೋ ಶೆಡ್ಡಿನಲ್ಲಿ, ಕೋಳಿಗಳು ಅದರ ಹಿಂದಿನ ಸೀಟಿನಲ್ಲಿ ಮೊಟ್ಟೆಯಿಡುತ್ತಿದ್ದಾಗ, ಇವರು ಅದನ್ನು ನೋಡಿ ಮನಸೋತರು. ಊರು ಬದಲಿಸಿದಾಗ ಕಾರು ಟ್ರಕ್ಕಿನ ಮೇಲೆ ಪರ್ತಿಗೆ ಬಂತು. ನನ್ನ ಸೋಫಾ ಬರಲಿಲ್ಲ.

ಇವರು ಭೂವಿಜ್ಞಾನಿ. ಎರಡು ವಾರ ಗಣಿಯ ಸೈಟಿನಲ್ಲಿ, ಒಂದು ವಾರ ಮನೆಯಲ್ಲಿ. ಮಂಗಳವಾರ ಬೆಳಗ್ಗೆ ಬ್ಯಾಗು ಎತ್ತಿಕೊಂಡು ವಿಮಾನ ಹತ್ತಿದರೆ ಮುಂದಿನ ಹದಿನಾಲ್ಕು ದಿನ ಈ ಮನೆಯಲ್ಲಿ ಮಾತಾಡುವುದು ನಾನು ಮತ್ತು ಟೀವಿ. ಮಗಳು ಬ್ರಿಸ್ಬೇನಿನಲ್ಲಿ ಕೆಲಸದಲ್ಲಿದ್ದಾಳೆ. ಪರ್ತಿಗೆ ಬಂದ ಹೊಸದರಲ್ಲಿ, ಇದು ಎಷ್ಟು ವರ್ಷ ಹೀಗೆ ಎಂದು ನಾನು ಕೇಳಿದ್ದೆ. ಇವರು ಗ್ಯಾರೇಜಿನ ಕಡೆ ಕೈ ತೋರಿಸಿ, "ಅದು ಮುಗಿದ ದಿನ ಸೈಟ್ ಬಿಟ್ಬಿಡ್ತೀನಿ ಕಣೇ. ಫಸ್ಟ್ ಡ್ರೈವ್ ನಿನ್ನನ್ನೇ ಕರ್ಕೊಂಡು ಹೋಗೋದು," ಎಂದಿದ್ದರು. ನಾನು ಆ ಮಾತನ್ನು ಗಂಟು ಹಾಕಿಕೊಂಡು ಇಟ್ಟುಕೊಂಡೆ. ಕಾರು ಬೇಗ ಮುಗಿಯಬೇಕಾದರೆ ನಾನೂ ಕೈ ಹಚ್ಚಬೇಕು ಎಂದು ತೀರ್ಮಾನಿಸಿದ್ದೂ ಆಗಲೇ.

ಹಳೆಯ ಕಾರಿನ ಸಣ್ಣ ಸಾಮಾನುಗಳಿಗೆಲ್ಲ ಸತುವಿನ ಲೇಪ ಇರುತ್ತದೆ. ಬೋಲ್ಟು, ನಟ್ಟು, ಕ್ಲಿಪ್ಪು, ಬ್ರಾಕೆಟ್ಟು, ಎಲ್ಲಕ್ಕೂ. ಕಾಲ ಕಳೆದಂತೆ ಸತು ಸವೆದು ಕಬ್ಬಿಣ ತುಕ್ಕು ಹಿಡಿಯುತ್ತದೆ. ಮತ್ತೆ ಲೇಪ ಹಾಕಬೇಕು. ಮೊದಲನೆಯ ಡಬ್ಬವನ್ನು ಅಡಿಲೇಡಿನ ಕಿಲ್ಬರ್ನಿನಲ್ಲಿ ಒಂದು ಪ್ಲೇಟಿಂಗ್ ಶಾಪಿಗೆ ಕೊಟ್ಟಿದ್ದೆವು. ಎಲ್ಲವನ್ನೂ ಒಂದೇ ಡಬ್ಬಕ್ಕೆ ಸುರಿದು ಕೊಟ್ಟವರು ನಾವೇ, ಹಾಗಾಗಿ ವಾಪಸು ಬಂದಾಗ ಯಾವುದು ಎಲ್ಲಿಯದೆಂದು ದೇವರಿಗೇ ಗೊತ್ತಾಗದಂತಿತ್ತು. ಅಂದಿನಿಂದ ಇವರು ಮನೆಯಲ್ಲೇ ಮಾಡೋಣ ಎಂದರು. "ಸತು ತಾನು ಸವೆದು ಕಬ್ಬಿಣವನ್ನ ಉಳಿಸುತ್ತೆ, ಅದೇ ಅದರ ಕೆಲಸ," ಎಂದು ವಿವರಿಸಿದರು. ಯಾರ ಹಾಗೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಕೆಲಸ ಕಷ್ಟದ್ದಲ್ಲ, ಬೇಸರದ್ದು. ಮೊದಲು ತಂತಿ ಬ್ರಶ್ಶಿನಲ್ಲಿ ತುಕ್ಕು ಉಜ್ಜಬೇಕು, ಆಮೇಲೆ ಆಸಿಡ್ಡಿನಲ್ಲಿ ಅದ್ದಿ ತೊಳೆಯಬೇಕು. ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡು ತಗುಲಿದ ಕಡೆ ಸತು ಹಿಡಿಯುವುದಿಲ್ಲ. ಮೈಸೂರಿನಲ್ಲಿ ಅಜ್ಜಿಯ ಜೊತೆಗೇ ಮುಗಿಯಿತು ಎಂದುಕೊಂಡಿದ್ದ ಮಡಿ ನನಗೆ ಮೋರ್ಲಿಯ ಲಾಂಡ್ರಿಯಲ್ಲಿ ಮತ್ತೆ ಸಿಕ್ಕಿತು. ಬಕೆಟ್ಟಿನಲ್ಲಿ ಬಿಳಿ ವಿನಿಗರ್, ಎಪ್ಸಮ್ ಸಾಲ್ಟ್, ಎರಡು ಹಿಡಿ ಸಕ್ಕರೆ. ಒಂದು ಪಕ್ಕದಲ್ಲಿ ಸತುವಿನ ಗಟ್ಟಿ. ದೋಣಿಗಳ ತಳಕ್ಕೆ ಕಟ್ಟುವಂಥದು, ಇಲ್ಲಿ ಸುಲಭವಾಗಿ ಸಿಗುತ್ತದೆ. ಇನ್ನೊಂದು ಪಕ್ಕದಲ್ಲಿ ತಾಮ್ರದ ತಂತಿಗೆ ನೇತುಹಾಕಿದ ಬೋಲ್ಟು. ಬ್ಯಾಟರಿ ಚಾರ್ಜರಿನ ಕೆಂಪು ಕ್ಲಿಪ್ಪು ಸತುವಿಗೆ, ಕಪ್ಪು ಬೋಲ್ಟಿಗೆ. ಸಣ್ಣ ಗುಳ್ಳೆಗಳು ಏಳುತ್ತವೆ. ಅರ್ಧ ಗಂಟೆ ಆಗಾಗ ತಿರುಗಿಸುತ್ತ ಕಾದರೆ ಬೂದು ಬಣ್ಣಕ್ಕೆ ಬಂದಿರುತ್ತದೆ. ಹಿತ್ತಾಳೆ ಬ್ರಶ್ಶಿನಲ್ಲಿ ಉಜ್ಜಿದ ಮೇಲೆ ಹೊಳೆಯುತ್ತದೆ. ಶಾಪಿಂಗ್ ಸೆಂಟರಿನ ಔಷಧಿ ಅಂಗಡಿಯ ಕೆಲಸದಲ್ಲಿ ದಿನವಿಡೀ ನಿಂತು ಬಂದ ನನ್ನ ಕಾಲುಗಳು ಬಕೆಟ್ಟಿನ ಮುಂದೆ ಮತ್ತೆ ನಿಲ್ಲಬೇಕು. ಸೈಟಿಗೆ ಹೊರಡುವ ಮುಂಚೆ ಇವರು ಒಂದು ಟ್ರೇ ತುಂಬ ಸಾಮಾನು ಇಟ್ಟು ಹೋಗುತ್ತಿದ್ದರು, ಬರುವಷ್ಟರಲ್ಲಿ ನಾನು ಮುಗಿಸಿಡುತ್ತಿದ್ದೆ.

ಮೂರು ವರ್ಷದ ಹಿಂದೆ ಆಯುಧಪೂಜೆಯ ದಿನ ಇವರು ಮನೆಯಲ್ಲಿದ್ದರು. ಓಡುವ ಕಾರಿಗೆ, ಮಿಕ್ಸಿಗೆ, ಸ್ಪ್ಯಾನರುಗಳಿಗೆ ಕುಂಕುಮ ಹಚ್ಚುತ್ತ ಬಂದವಳು ಲಾಂಡ್ರಿಯಲ್ಲಿ ಆಸಿಡ್ಡಿನಿಂದ ತೆಗೆದಿಟ್ಟಿದ್ದ ಒಂದು ಬ್ರಾಕೆಟ್ಟಿಗೂ ಹಚ್ಚಿಬಿಟ್ಟೆ. ಕಬ್ಬಿಣಕ್ಕೆ ಅಂಟಲಿ ಎಂದು ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ್ದೆ. ತಪ್ಪು ಅರಿವಾಗಿ ಬಟ್ಟೆಯಲ್ಲಿ ಒರೆಸಿ ಬಕೆಟ್ಟಿಗೆ ಬಿಟ್ಟೆ. ಹೊರಬಂದಾಗ ಬ್ರಾಕೆಟ್ಟೆಲ್ಲ ಹೊಳೆಯುತ್ತಿತ್ತು, ನನ್ನ ಉಂಗುರದ ಬೆರಳಿನ ಅಗಲಕ್ಕೆ ನಡುವೆ ಮಾತ್ರ ಕಪ್ಪು ಕಬ್ಬಿಣ. ಇವರು ಬಿದ್ದು ಬಿದ್ದು ನಕ್ಕರು. "ಮಡಿ ಕೆಡಿಸಿದೆಯಲ್ಲೇ. ಇರ್ಲಿ ಬಿಡು, ಒಳಗಡೆ ಬರುತ್ತೆ, ಯಾರಿಗೂ ಕಾಣಲ್ಲ," ಎಂದು ನನ್ನ ಕಣ್ಣೆದುರೇ ಕಾರಿನ ಕೆಳಗೆ ಮಲಗಿ ಹ್ಯಾಂಡ್‌ಬ್ರೇಕಿನ ಕೇಬಲ್ ಹಿಡಿಯುವ ಜಾಗಕ್ಕೆ ಬಿಗಿದರು.

ಆಮೇಲೂ ಟ್ರೇಗಳು ಬರುತ್ತಲೇ ಇದ್ದವು. ಒಂದು ಕಾರಿಗೆ ಇಷ್ಟೊಂದು ಬೋಲ್ಟುಗಳಿರುತ್ತವೆಯೇ ಎಂದು ಎಷ್ಟೋ ಸಲ ಅನ್ನಿಸಿತ್ತು. ಬೋಲ್ಟಿಗೆ ಗುರುತು ಹಿಡಿಯುವಂಥ ಮುಖವೇನೂ ಇರುವುದಿಲ್ಲ, ಕೊಟ್ಟದ್ದನ್ನು ಅದ್ದುತ್ತಿದ್ದೆ. ಫೋನಿನಲ್ಲಿ ಮಗಳಿಗೆ, "ಇನ್ನೇನು ಮುಗೀತು, ಅಪ್ಪ ಮನೆಗೆ ಬಂದ್ಬಿಡ್ತಾರೆ," ಎಂದರೆ ಅವಳು, "ಅಮ್ಮಾ, ಹಿ ವಿಲ್ ನೆವರ್ ಫಿನಿಶ್ ಇಟ್," ಎನ್ನುತ್ತಿದ್ದಳು. ನನಗೆ ಸಿಟ್ಟು ಬಂದು ಮಾತು ಬದಲಿಸುತ್ತಿದ್ದೆ.

ಈ ವರ್ಷ ಒಂದು ಶನಿವಾರ ಮಧ್ಯಾಹ್ನ, ಇವರು ಸೈಟಿನಲ್ಲಿದ್ದಾಗ, ಹೊಸ ಟ್ರೇಯಿಂದ ಅಂಗೈಯಗಲದ ಒಂದು ಬ್ರಾಕೆಟ್ಟನ್ನು ಕೈಗೆತ್ತಿಕೊಂಡೆ. ಹಳೆಯ ಸತುವನ್ನು ಪೂರ್ತಿ ಕಳೆದು ಬರಿ ಕಬ್ಬಿಣ ಮಾಡಿಟ್ಟಿದ್ದರು. ನಡುವೆ ದುಂಡಗೆ ಒಂದು ಕಡೆ ಮಾತ್ರ ತುಕ್ಕು ತಿಂದು ಸಣ್ಣ ಗುಳಿ ಬಿದ್ದಿತ್ತು. ಗ್ಲೌಸ್ ಕಳಚಿ ಉಂಗುರದ ಬೆರಳಿಟ್ಟು ನೋಡಿದೆ. ಸರಿಯಾಗಿ ಕೂತಿತು.

ಲಾಂಡ್ರಿಯ ನೆಲದ ಮೇಲೆ ಕೂತುಬಿಟ್ಟೆ. ಬಿಗಿದದ್ದನ್ನು ಬಿಚ್ಚಿ, ಲೇಪವನ್ನು ಕಳೆದು, ಮತ್ತೆ ನನ್ನ ಕೈಗೇ ಕೊಡುತ್ತಿದ್ದಾರೆ. ಇದೊಂದೇ ಇರಲಾರದು. ಎರಡೆರಡು ಸಲ, ಮೂರು ಮೂರು ಸಲ ಅದ್ದಿದ್ದೆಷ್ಟೋ. ಆ ದಿನ ಒಂದು ಬೋಲ್ಟನ್ನೂ ಮುಟ್ಟಲಿಲ್ಲ, ಅಡುಗೆಯನ್ನೂ ಮಾಡಲಿಲ್ಲ. ಫೋನಿನಲ್ಲಿ ಕೇಳುವ ಮಾತಲ್ಲವೆಂದು ಇವರು ಬರುವವರೆಗೆ ಬಾಯಿ ಕಟ್ಟಿಕೊಂಡೆ.

ಬಂದ ಮರುದಿನ ಮಧ್ಯಾಹ್ನ ಊಟವಾದ ಮೇಲೆ ಬ್ರಾಕೆಟ್ಟನ್ನು ಮೇಜಿನ ಮೇಲೆ ಇಟ್ಟೆ.

"ರೀ, ಇದು ಯಾವುದು?"

"ಹ್ಯಾಂಡ್‌ಬ್ರೇಕ್ ಬ್ರಾಕೆಟ್."

"ಆಗ್ಲೇ ಹಾಕಿದ್ರಲ್ಲ."

"ಒಂಚೂರು ತುಕ್ಕು ಬಂದಿತ್ತು. ಬಿಚ್ಚಿದೆ."

"ಇನ್ನೂ ಏನೇನು ಬಿಚ್ಚಿದ್ದೀರಿ?"

ಇವರು ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದರು. ನನಗೆ ಮೈಯೆಲ್ಲ ಉರಿಯಿತು. "ನಾನು ದಿನಾ ನಿಂತು ನಿಂತು ಸಾಕಾಗಿ ಬಂದು, ಮತ್ತೆ ಆ ಬಕೆಟ್ ಮುಂದೆ ನಿಲ್ತೀನಿ. ಯಾಕೆ ಅಂದ್ಕೊಂಡ್ರಿ? ನಂಗೇನು ಕಾರ್ ಹುಚ್ಚಾ? ಅದು ಮುಗಿದ್ರೆ ನೀವು ಬರ್ತೀರ ಅಂತ."

"ಬಂದು ಏನ್ ಮಾಡ್ಲಿ ಹೇಳು," ಎಂದರು. ದನಿ ಏರಿಸಲಿಲ್ಲ, ಸೋತವರ ಹಾಗೆ ಹೇಳಿದರು. "ಅಲ್ಲಿ ಬೆಳಗ್ಗೆ ಎದ್ರೆ ಹತ್ತು ಜನ ನನ್ನ ಕೇಳ್ಕೊಂಡು ಬರ್ತಾರೆ. ಇಲ್ಲಿ ಒಂದು ಚಮಚ ಎಲ್ಲಿದೆ ಅಂತ ನಂಗೆ ಗೊತ್ತಿಲ್ಲ. ಗೆಸ್ಟ್ ಥರ ಬರ್ತೀನಿ, ನೀನೂ ಗೆಸ್ಟ್ ಥರಾನೇ ನೋಡ್ಕೋತೀಯ, ಹೋಗ್ತೀನಿ. ಆ ಗ್ಯಾರೇಜಲ್ಲಿ ಮಾತ್ರ ಯಾವ್ದು ಎಲ್ಲಿದೆ ಅಂತ ಗೊತ್ತು. ಅದೂ ಮುಗಿದ್ಹೋದ್ರೆ?"

ಅವರು ಹೇಳಿದ್ದು ನಿಜ. ಬಂದ ದಿನ ಬಿಸಿಬೇಳೆಬಾತು, ಹೊರಡುವ ದಿನ ಚಪಾತಿ. ಕೂತಲ್ಲಿಗೆ ಕಾಫಿ, ಕೇಳುವ ಮೊದಲೇ ಟವೆಲ್ಲು. ಮಂಗಳವಾರ ಇವರು ಹೋದ ಮೇಲೆ ಬಾಗಿಲು ಹಾಕಿಕೊಂಡು ನಾನು ಬಿಡುತ್ತಿದ್ದ ಉಸಿರಿನಲ್ಲಿ ಅರ್ಧ ನೆಮ್ಮದಿಯೂ ಇರುತ್ತಿತ್ತು. ಅದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಬರಲಿ ಬರಲಿ ಎಂದು ವರ್ಷಗಟ್ಟಲೆ ಬೋಲ್ಟು ತೊಳೆದವಳು, ಬಂದವರಿಗೆ ಮನೆಯಲ್ಲಿ ಜಾಗ ಎಲ್ಲಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸುಸ್ತಾಯಿತು.

"ಕಾರ್ ಮುಗಿಸ್ಬೇಡಿ," ಎಂದೆ. "ಮುಗೀದಿದ್ರೂ ಪರವಾಗಿಲ್ಲ, ಬನ್ನಿ."

ಇವರು ಬ್ರಾಕೆಟ್ಟನ್ನು ಕೈಯಲ್ಲಿ ಹಿಡಿದು, ಆ ಗುಳಿಯ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಅದನ್ನು ಮೇಜಿನ ಮೇಲಿಟ್ಟು ಎದ್ದರು.

"ಕಾಫಿ ಮಾಡ್ತೀನಿ," ಎಂದು ಅಡುಗೆಮನೆಗೆ ಹೋದರು. ಒಂದು ಡ್ರಾಯರ್ ಎಳೆದು ನೋಡಿ ಮುಚ್ಚಿದರು. ಇನ್ನೊಂದನ್ನು ಎಳೆದರು. "ಕೆಲಸ ಬಿಡೋಕೆ ಎಂಟು ವಾರ ನೋಟಿಸ್ ಕೊಡ್ಬೇಕು," ಎಂದರು, ನನ್ನ ಕಡೆ ತಿರುಗದೆ.

ಫಿಲ್ಟರ್ ಒಲೆಯ ಎಡಗಡೆಯ ಕಪಾಟಿನಲ್ಲಿತ್ತು. ಅಭ್ಯಾಸಬಲದಿಂದ ಕಾಲುಗಳು ತಾವಾಗಿ ಏಳಲು ನೋಡಿದವು. ಅವನ್ನು ನೆಲಕ್ಕೆ ಊರಿ ಕೂತೇ ಇದ್ದೆ. ಅವರು ಮೂರನೆಯ ಡ್ರಾಯರ್ ಎಳೆದರು.